ಇಸ್ಮತ್ ಆಂಟಿ ಎಳೆದ ದಾರ

ರಾಮನಗರದಲ್ಲಿ ನಾವು ಬಾಡಿಗೆಗಿರುವ ಮಹಡಿಯ ಕೆಳಗೇ ಇಸ್ಮತ್ ಆಂಟಿಯ ಮನೆ. ಮೂವತ್ತೆರಡು ವರ್ಷದಿಂದ ಅವರದು ರೇಷ್ಮೆ ನೂಲು ತೆಗೆಯುವ ಕೆಲಸ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ, ನನ್ನ ಕಣ್ಣಿಗೆ ಕಾಣಿಸದ ಎಳೆಯ ತುದಿಯನ್ನು ಅವರ ಬೆರಳು ಹುಡುಕಿ ತೆಗೆಯುತ್ತದೆ. ಆ ಬೆರಳುಗಳು ಬಿಳಿಚಿ ಸುಕ್ಕಾಗಿವೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಜೊತೆಗಿದ್ದದ್ದು ಶೇರೂ ಎಂಬ ಬೆಕ್ಕೊಂದೇ.

ನಾನು ಬೆಂಗಳೂರಿನಲ್ಲಿ ಓದಿದವಳು. ಎರಡೂವರೆ ವರ್ಷದ ಮಗಳು ಧಾತ್ರಿ ಸೀನಿದರೂ ಎದೆ ಹೊಡೆದುಕೊಳ್ಳುತ್ತದೆ.

"ಏನ್ ಮಗಾ, ಮಗೀಗೆ ಗಾಳಿ ತಾಕುದ್ರೂ ಡಾಕ್ಟ್ರತ್ರ ಓಡ್ತೀಯಲ್ಲ! ನಮ್ ಶೇರೂನೇ ವಾಸಿ, ಮೈ ನೆಕ್ಕೊಂಡು ಸುಮ್ಕಾಯ್ತದೆ," ಎಂದು ಆಂಟಿ ನಗುತ್ತಿದ್ದರು.

ಹೋದ ತಿಂಗಳು ಶೇರೂ ಎರಡು ದಿನ ಏನೂ ತಿನ್ನದೆ ವಾಂತಿ ಮಾಡಿತು. ಮೂರನೆಯ ಬೆಳಿಗ್ಗೆ ನಾನು ಧಾತ್ರಿಯೊಡನೆ ಕೆಳಗಿಳಿದಾಗ ಅದರ ಬಾಯಂಚಿನಲ್ಲಿ ರೇಷ್ಮೆ ದಾರ ಇಣುಕುತ್ತಿತ್ತು. ಆಂಟಿಯ ಬಟ್ಟೆಗೆ ಅಂಟಿ ಬಂದಿದ್ದನ್ನು ಹುಳುವಿನ ವಾಸನೆಗೆ ನುಂಗಿರಬೇಕು.

"ಒಸಿ ತಾಳು ಮಗಾ, ಆಸ್ಪತ್ರೆಗೆ ತಕ್ಕೊಂಡೋಗಾನ," ಎಂದರು ಆಂಟಿ.

ಅಷ್ಟರಲ್ಲಿ ಧಾತ್ರಿ ಬೆಕ್ಕಿನ ಬಾಯಿಗೇ ಕೈ ಚಾಚಿದಳು. ಕಚ್ಚಿಬಿಟ್ಟರೆ? ಅವಳನ್ನು ಎತ್ತಿಕೊಂಡು ಹೊರಗೆ ಹೋಗಿದ್ದರೆ ಸಾಕಿತ್ತು.

"ಎಳೆದುಬಿಡಿ ಆಂಟಿ, ಬೇಗ! ನಿಮ್ಮ ಕೈಗೆ ಬಾರದ ಎಳೆ ಇದೆಯಾ?" ಎಂದೆ.

ಎಳೆದರು. ಗೇಣುದ್ದ ಬಂತು. ಮತ್ತೆ ಎಳೆದರು. ಶೇರೂ ಮಗುವಿನಂತೆ ಚೀರಿತು. ದಾರ ತುಂಡಾಯಿತು.

ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಶಾಲಿನಿ ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ಎತ್ತಿ ನೋಡಿದರು. ನಾಲಿಗೆಯ ಬುಡಕ್ಕೆ ದಾರದ ಸುತ್ತೊಂದು ಬಿಗಿದಿತ್ತು. ಉಳಿದದ್ದು ಕರುಳಿಗೆ ಇಳಿದಿತ್ತು.

"ದಾರ ಕಂಡ್ರೆ ಎಳೀಬಾರ್ದಮ್ಮ, ಬಾಯಲ್ಲಾದ್ರೂ ಸರಿ, ಹಿಂದುಗಡೆಯಾದ್ರೂ ಸರಿ. ಎಳೆದ್ರೆ ಕರುಳು ನೆರಿಗೆ ಕಟ್ಕೊಂಡು ಕುಯ್ದೇ ಹೋಗುತ್ತೆ. ಹಾಗೇ ಎತ್ಕೊಂಡು ಬಂದಿದ್ರೆ ಆಪರೇಷನ್ ಮಾಡಿ ಉಳಿಸ್ಕೋಬಹುದಿತ್ತೇನೋ. ಯಾರು ಎಳೆದದ್ದು?"

ನಾನು ಬಾಯಿ ತೆರೆದೆ.

"ನಾನೇ ಕಣಮ್ಮ," ಎಂದರು ಆಂಟಿ.

ಡಾಕ್ಟರ್ ನೋವಿಗೆ ಇಂಜೆಕ್ಷನ್ ಕೊಟ್ಟು, ಆದರೂ ನೋಡೋಣ, ಆಪರೇಷನ್‌ಗೆ ಈಗಲೇ ಬೆಂಗಳೂರಿಗೆ ಒಯ್ಯಿರಿ ಎಂದರು. ಬಿಡದಿ ದಾಟುವ ಮೊದಲೇ ಶೇರೂ ಆಂಟಿಯ ಮಡಿಲಲ್ಲಿ ತಣ್ಣಗಾಯಿತು. ಕಾರು ತಿರುಗಿಸಲು ಅವರೇ ಹೇಳಿದರು.

ಈಗ ಬೆಕ್ಕು ಸಾಕಿದವರು ಯಾರು ಸಿಕ್ಕರೂ ಆಂಟಿ ನಿಲ್ಲಿಸಿಕೊಳ್ಳುತ್ತಾರೆ. ತಮ್ಮ ಜೊತೆ ನೂಲು ತೆಗೆಯುವ ಹೆಂಗಸರಿಗೆ, ಹಾಲಿನ ವೆಂಕಟಯ್ಯನಿಗೆ, ಎಲ್ಲರಿಗೂ ಅದೇ ಮಾತು: "ದಾರ ಕಂಡ್ರೆ ಎಳೀಬ್ಯಾಡಿ, ನಾಲಿಗೆ ಕೆಳಗೆ ಸಿಕ್ಕಾಕ್ಕೊಂಡಿರ್ತದೆ. ಸೀದಾ ಡಾಕ್ಟ್ರತ್ರ ಹೋಗಿ. ನಾನು ಎಳ್ದು ಸಾಯ್ಸ್‌ಬುಟ್ಟೆ."

ಎಷ್ಟೋ ಸಲ ಮಗುವನ್ನೆತ್ತಿಕೊಂಡು ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಎಳೆಯಿರಿ ಎಂದವರು ಯಾರೆಂದು ಅವರು ಇದುವರೆಗೆ ಒಬ್ಬರಿಗೂ ಹೇಳಿಲ್ಲ.