ಗುಮ್ಮು ಹೋಗಬಾರದು, ಗರಗರ ಬರಬೇಕು

ಬೊಂಬಾಯಿಯಲ್ಲಿ ನಮ್ಮ ನೆಲವೇ ಇನ್ನೊಬ್ಬರಿಗೆ ಸೂರು. ನನ್ನ ಗಂಡ ಗಿಟಾರಿನ ದಪ್ಪ ತಂತಿ ಮೀಟಿದರೆ ಸಾಕು, ಕೆಳಗಿನ ಮನೆಯಾಕೆ ಕೋಲಿನಿಂದ ಸೂರಿಗೆ ಗುದ್ದುತ್ತಾಳೆ. ಆ ಗುದ್ದು ನನ್ನ ಅಂಗಾಲಿಗೆ ತಾಗುತ್ತದೆ. ನಾಗಮಂಗಲದ ನನ್ನ ತವರುಮನೆಯಲ್ಲಿ ಸಗಣಿ ಸಾರಿಸಿದ ನೆಲದ ಕೆಳಗೆ ಮಣ್ಣು ಬಿಟ್ಟರೆ ಇನ್ನೇನೂ ಇರಲಿಲ್ಲ.

ಇಲ್ಲಿಯವರು ಒಂಟಿ ಕೋಣೆಯನ್ನು ‘ಖೋಲಿ’ ಎನ್ನುತ್ತಾರೆ, ಖೋಲಿಗಳ ಸಾಲನ್ನು ‘ಚಾಳು’. ಬೀದಿ ನಲ್ಲಿಯಿಂದ ಬಿಂದಿಗೆ ಹೊತ್ತು ಮೆಟ್ಟಿಲೇರುವಷ್ಟರಲ್ಲಿ ಜೀವ ಸಾಕಪ್ಪಾ ಅನ್ನುತ್ತದೆ. ರಾಗಿಗೆ ಇಲ್ಲಿ ‘ನಾಚಣಿ’ ಎಂದು ಹೆಸರು. ಅದು ತಿಳಿಯುವವರೆಗೂ ಮುದ್ದೆಯಿಲ್ಲದೆ ಸೊರಗಿದೆ. ತಿಳಿದ ದಿನ ಮುದ್ದೆ ಕಟ್ಟಿ, ಉಣ್ಣುತ್ತಾ ಅತ್ತುಬಿಟ್ಟೆ.

ಇವರು ಕೆ.ಆರ್. ಪೇಟೆಯ ಅಕ್ಕಸಾಲಿಗರ ಮಗ. ಅಣ್ಣನ ಅಂಗಡಿಯಲ್ಲಿ ಒಲೆ ಊದುವುದನ್ನು ಬಿಟ್ಟು, ಇಲ್ಲೊಂದು ಹೋಟೆಲಿನ ಬ್ಯಾಂಡಿನಲ್ಲಿ ನಾಲ್ಕು ತಂತಿಯ ಬೇಸ್ ಗಿಟಾರು ನುಡಿಸುತ್ತಾರೆ. ಬ್ಯಾಂಡಿನ ಯಜಮಾನನಿಗೆ ಈಗ ಹೊಸ ಹುಚ್ಚು. ವಿಲಾಯಿತಿ ರೆಕಾರ್ಡುಗಳಲ್ಲಿ ಬೇಸ್ ಗಿಟಾರು ಗರಗರ ಎನ್ನುತ್ತದಂತೆ, ಇಲ್ಲಿಯೂ ಎನ್ನಬೇಕಂತೆ. ಆದರೆ ಕುಣಿಯುವವರ ಕಾಲಿಗೆ ಬೇಕಾದ ಗುಮ್ಮು, ಅಂದರೆ ಆ ಕೆಳಗಿನ ದಪ್ಪ ದನಿ, ಹೋಗಬಾರದಂತೆ. ಶನಿವಾರದೊಳಗೆ ಆಗದಿದ್ದರೆ ಬೇರೆಯವನನ್ನು ಕರೆಸುತ್ತೇನೆ ಎಂದುಬಿಟ್ಟ. ಹಾಗಾದರೆ ಊರಿಗೇ ಹೋಗೋಣ, ಅಣ್ಣನ ಅಂಗಡಿ ಇದ್ದೇ ಇದೆ ಎಂದರು ಇವರು. ನನಗೆ ಒಳಗೊಳಗೇ ಹಿಗ್ಗು. ಟ್ರಂಕು ಎಳೆದು ಸೀರೆ ಮಡಚಿಡತೊಡಗಿದೆ.

ಇವರು ಫಜ್ ಡಬ್ಬವೊಂದನ್ನು ಎರವಲು ತಂದರು. ಅದು ದನಿಯನ್ನು ಸೀಳಿ ಒರಟು ಮಾಡುವ ಡಬ್ಬ. ಗರಗರ ಬಂತು, ಗುಮ್ಮು ಮಾಯವಾಯಿತು. ಆಗ ಇವರ ಊರ ಬುದ್ಧಿ ಹೊರಬಂತು. ಭಜನೆಯ ತಂಬೂರಿಯಲ್ಲಿ ತಂತಿಯ ಕೆಳಗೆ ನೂಲೆಳೆ ಸಿಕ್ಕಿಸಿ ಝೇಂಕಾರ ಬರಿಸುವುದು ನಮ್ಮ ಕಡೆಯ ರೂಢಿಯಲ್ಲವೇ? ನನ್ನ ಹಳೆಯ ಸೀರೆಯ ಎಳೆಯೊಂದನ್ನು ಕಿತ್ತು ಗಿಟಾರಿಗೆ ಸಿಕ್ಕಿಸಿದರು. ಒದ್ದೆ ಗೋಣಿಚೀಲ ಬಡಿದ ಹಾಗೆ ಕೇಳಿಸಿತು. ಆ ದಿನ ಕೆಳಗಿನಾಕೆ ಗುದ್ದಲೇ ಇಲ್ಲ.

ಶುಕ್ರವಾರ ಪರಿಚಯದ ರೇಡಿಯೋ ರಿಪೇರಿಯವನೊಬ್ಬ ಬಂದು, ಇವರೊಡನೆ ತಲೆಗೆ ತಲೆ ಕೊಟ್ಟು ಕೂತ. ಇಬ್ಬರೂ ಸೇರಿ ದನಿಗೆ ಎರಡು ದಾರಿ ಮಾಡಿದರು. ಕೆಳಗಿನ ದಪ್ಪ ದನಿ ಇದ್ದಂತೆಯೇ ಒಂದು ಸ್ಪೀಕರಿಗೆ ಹೋಯಿತು. ಮೇಲಿನ ಭಾಗ ಮಾತ್ರ ಫಜ್ ಡಬ್ಬ ಹೊಕ್ಕು ಇನ್ನೊಂದಕ್ಕೆ. ಅನ್ನಕ್ಕೆ ಮುಟ್ಟಿಸದೆ ಸಾರಿಗಷ್ಟೇ ಖಾರ ಹಾಕಿದ ಹಾಗೆ.

ರಿಪೇರಿಯವನು ಹೋದ ಮೇಲೆ ಇವರು ನನ್ನನ್ನು ಕೂರಿಸಿಕೊಂಡರು. ಇವರಿಗೆ ನನ್ನ ಕಿವಿಯೇ ಒರೆಗಲ್ಲು.

“ಎಂಗದೆ ಅಂತ ನೀನೇ ಹೇಳು. ಸರಿಯಿಲ್ಲ ಅಂದ್ರೆ ನಾಳೀಕೇ ಊರಿಗೆ ಹೊರಟ್ಬುಡಾನ.”

‘ಸರಿಯಿಲ್ಲ’ ಎಂಬ ಒಂದು ಮಾತು ಸಾಕಿತ್ತು. ಕಣ್ಣು ಮುಚ್ಚಿ ಕೇಳಿದೆ. ಗುಮ್ಮು ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ಗರಗರ ತನ್ನ ಪಾಡಿಗೆ ನಡೆದಿತ್ತು. ಬಂದ ಹೊಸತರಲ್ಲಿ ಈ ಸಂಗೀತವೆಲ್ಲ ನನಗೆ ತಗಡು ಎಳೆದಾಡಿದ ಸದ್ದು. ಈಗಲೂ ಹಾಗೇ ಕೇಳಿಸಲಪ್ಪಾ ಎಂದು ಬೇಡಿಕೊಂಡೆ. ಚೆನ್ನಾಗಿ ಕೇಳಿಸಿತು.

“ಸರಿಯಾಗೇ ಅದೆ ಕಣ್ರೀ. ಇದನ್ನೇ ಬಾರ್ಸಿ,” ಎಂದೆ.

ಇವರು ಇನ್ನೊಮ್ಮೆ ನುಡಿಸಿದರು. ನಾನು ಟ್ರಂಕಿನೆದುರು ಕೂತು ಸೀರೆಗಳನ್ನು ಹೊರಗೆ ತೆಗೆದೆ. ನನ್ನ ಊರಿನ ದಾರಿಯನ್ನು ನನ್ನ ಬಾಯಿಂದಲೇ ಮುಚ್ಚಿಕೊಂಡೆನಲ್ಲ ಎಂದು ಅಳು ಬಂತು. ಕಾಲಿನ ಹೆಬ್ಬೆರಳು ಮಾತ್ರ ಆ ಗುಮ್ಮಿಗೆ ತಾಳ ಹಾಕುತ್ತಿತ್ತು.