ಹೆಸರು ಕೇಳದೆ ಕೊಟ್ಟ ಲೈನು

ಎಪ್ಪತ್ತರ ದಶಕದಲ್ಲಿ ನಾನು ಆದೋನಿ ಸೀಮೆಯ ಚಿಕ್ಕದೊಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೊಸ ಆಪರೇಟರ್. ಊರಲ್ಲಿ ಯಾರೇ ಫೋನೆತ್ತಿದರೂ ನನ್ನ ಮುಂದಿನ ಬೋರ್ಡಿನಲ್ಲಿ ಅವರ ನಂಬರಿನ ದೀಪ ಹತ್ತುತ್ತಿತ್ತು. ನಾನು ಅಲ್ಲಿ ವಯರು ಚುಚ್ಚಿ, ಯಾವ ನಂಬರ್ ಬೇಕೆಂದು ಕೇಳಿ, ಆ ಲೈನಿಗೆ ಸೇರಿಸಬೇಕು. ಇಷ್ಟೇ ಕೆಲಸ. ಆದರೂ ಹಗಲು ಹೊತ್ತು ಲೈನು ಸಿಗುವುದು ತಡವೆಂದು ದೂರಿನ ಮೇಲೆ ದೂರು. ಹಗಲು ಹೊತ್ತೆಂದರೆ ನನ್ನ ಪಾಳಿ.

"ಈ ತಿಂಗಳು ಸರಿ ಹೋಗಲಿಲ್ಲಂದ್ರ ನೌಕರಿ ಖಾಯಂ ಆಗೋದು ಕಷ್ಟ ಐತಮ್ಮಾ" ಎಂದರು ಸೂಪರ್‌ವೈಸರ್.

ನಾನೇನು ಸುಮ್ಮನಿರುವವಳೇ? ತಪ್ಪೆಲ್ಲ ತಂತಿಯದೆಂದು ಜಗಳ ತೆಗೆದೆ. ಪಾಪ, ಲೈನ್‌ಮನ್ ಬಿಸಿಲಲ್ಲಿ ಊರಾಚೆಯ ಹತ್ತಿ ಜಿನ್ನಿಂಗ್ ಮಿಲ್ಲಿನವರೆಗೂ ಕಂಬ ಏರಿ ಇಳಿದು ಬಂದ. "ಎಲ್ಲಾ ಛಲೋ ಐತ್ರೀ" ಎಂದ. ನಾನು ನಂಬಲಿಲ್ಲ. ಕೊನೆಗೆ ಅವನು ಚಹಾದ ಲೋಟ ಹಿಡಿದು ನನ್ನ ಹಿಂದೆಯೇ ಸ್ಟೂಲು ಹಾಕಿಕೊಂಡು ಕೂತ.

ದೀಪ ಹತ್ತಿತು. ನಾನು ರಿಜಿಸ್ಟರ್ ತೆರೆದೆ.

"ಅದ್ಯಾಕ್ರೀ ಅಕ್ಕಾರೆ?"

"ಯಾರ ಫೋನಂತ ನೋಡಬ್ಯಾಡೇನು? ಹೆಸರು ಹಿಡಿದು ನಮಸ್ಕಾರ ಹೇಳಬೇಕಲ್ಲ!"

ನಮ್ಮಪ್ಪ ಮದ್ದಿಕೇರದಲ್ಲಿ ಅರ್ಚಕರು. ಬಂದವರ ಹೆಸರು, ಗೋತ್ರ ಕೇಳದೆ ಅವರು ಕೈಗೆ ತುಳಸಿ ತೆಗೆದುಕೊಂಡವರಲ್ಲ. ಆ ಮರ್ಯಾದೆಯನ್ನು ನಾನು ಬೋರ್ಡಿಗೂ ತಂದಿದ್ದೆ. ರಿಜಿಸ್ಟರೋ, ಹೆಸರಿನ ಅಕ್ಷರದ ಪ್ರಕಾರ ಬರೆದದ್ದು. ನಂಬರ್ ಹಿಡಿದು ಹೆಸರು ಹುಡುಕಲು ಪುಟಗಟ್ಟಲೆ ಬೆರಳಾಡಿಸಬೇಕಿತ್ತು.

ಮುಂದಿನ ದೀಪ ಹೊಸ ಕನೆಕ್ಷನ್ನಿನದು. ಅವರ ಹೆಸರನ್ನು ಇನ್ನೂ ಬರೆದೇ ಇರಲಿಲ್ಲ. ಮೊದಲಿಂದ ಕೊನೆಯವರೆಗೆ ಹುಡುಕಿದೆ. ಕಣ್ತಪ್ಪಿರಬಹುದೆಂದು ಮತ್ತೊಮ್ಮೆ ಹುಡುಕಿದೆ. ಕೊನೆಗೆ ಸಾಕಾಗಿ ಬರೀ "ನಂಬರ್ ಪ್ಲೀಸ್" ಎಂದೆ. ಲೈನು ತಟ್ಟನೆ ಸಿಕ್ಕಿತು.

ಲೈನ್‌ಮನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ತಂತಿ ಅಲ್ರೀ, ನಿಮ್ಮ ಪುಸ್ತಕ ತಡಾ ಮಾಡಾಕತ್ತೈತಿ! ದೀಪದ ಕೆಳಗ ನಂಬರ್ ಐತಿ, ಹೆಸರು ತಗೊಂಡು ಏನ್ ಮಾಡ್ತೀರಿ?"

ನಾಚಿಕೆಯಿಂದ ರಿಜಿಸ್ಟರನ್ನು ಬೀರುವಿಗೆ ಸೇರಿಸಿದೆ. ಮರುದಿನದಿಂದ ದೂರುಗಳು ನಿಂತವು. ಒಬ್ಬ ಶೆಟ್ಟರು ಮಾತ್ರ, "ಏಮಮ್ಮಾ, ಹೆಸರು ಹಿಡಿದು ಮಾತಾಡಂಗಿಲ್ಲ, ನಮ್ಮ ಮ್ಯಾಲೆ ಸಿಟ್ಟೇನು?" ಎಂದು ಕೇಳಿದರು.

ತಿಂಗಳ ಕೊನೆಗೆ ಒಂದು ದಿನ ಬಟ್ಟೆ ಅಂಗಡಿಯ ದೀಪ ಹತ್ತಿತು. ಮಾತಾಡಿದ್ದು ಮದ್ದಿಕೇರದಿಂದ ಬಂದಿದ್ದ ಅಪ್ಪ! ಹುಟ್ಟಿದಾಗಿನಿಂದ ಫೋನು ಮುಟ್ಟದವರು ಹೆಸರು, ಗೋತ್ರದಿಂದಲೇ ಶುರು ಮಾಡಿದರು. ನಗು ತಡೆದುಕೊಂಡು "ನಂಬರ್ ಪ್ಲೀಸ್" ಎಂದೆ. ಹೇಳಿದ್ದು ನಮ್ಮ ಸೂಪರ್‌ವೈಸರ್ ನಂಬರ್. ಕೂಡಲೇ ಕೊಟ್ಟೆ, ಆದರೆ ಕಿವಿ ತೆಗೆಯಲಿಲ್ಲ.

"ಸಾಹೇಬ್ರ, ನನ್ನ ಮಗಳ ನೌಕರಿ ಏನಾತು? ಆಕಿ ಸ್ವಲ್ಪ ನಿಧಾನ. ಈಗ ಲೈನ್ ಕೊಟ್ಟಾಕಿ ಒರಟು ಅದಾಳ, ಹೆಸರು ಸುದ್ದಾ ಕೇಳಲಿಲ್ಲ. ಆದ್ರ ಕೆಲಸ ಏನು ಚುರುಕು! ನಮ್ಮಾಕಿಗೂ ಅಷ್ಟು ಕಲಿಸಿಬಿಡ್ರಿ."

ಸೂಪರ್‌ವೈಸರ್ ತಮ್ಮ ಕೋಣೆಯ ಗಾಜಿನಾಚೆಯಿಂದ ನನ್ನತ್ತ ನೋಡಿದರು. "ಆಚಾರ್ರೆ, ಆ ಒರಟು ಹುಡುಗೀನೇ ನಿಮ್ಮ ಮಗಳು. ಖಾಯಂ ಮಾಡಿ ಇವತ್ತ ಬರದೀನಿ."

ಅಪ್ಪ ಮೆಲ್ಲಗೆ, "ಹಂಗಾದ್ರ ಆಕಿಗೇ ಒಂದು ಲೈನ್ ಕೊಡ್ರಿ" ಎಂದರು.

ಕಣ್ಣು ತುಂಬಿ ಬೋರ್ಡು ಮಸುಕಾಯಿತು. "ಲೈನಿನಾಗೇ ಇದ್ದೀನಪ್ಪಾ" ಎಂದೆ.