ನನ್ನ ಫೋನಿನಲ್ಲಿ ಅವಳು ಔಟಾಗಿಲ್ಲ

ನನ್ನ ಫೋನಿನಲ್ಲಿ ನೂರಕ್ಕೂ ಹೆಚ್ಚು ಕಬಡ್ಡಿ ವಿಡಿಯೋಗಳಿವೆ. ಎಲ್ಲದರಲ್ಲೂ ಇರುವವಳು ನನ್ನ ಅಕ್ಕನ ಮಗಳು ಪೂರ್ಣಿ. ಒಂದರಲ್ಲೂ ಅವಳು ಔಟಾಗಿಲ್ಲ.

ಹಾಗಾದರೆ ಅವಳು ಸೋಲನ್ನೇ ಕಾಣದ ಆಟಗಾರ್ತಿಯೇ? ಖಂಡಿತ ಅಲ್ಲ. ಅವಳನ್ನು ಯಾರಾದರೂ ಹಿಡಿದ ಕೂಡಲೇ ನಾನು ರೆಕಾರ್ಡಿಂಗ್ ನಿಲ್ಲಿಸುತ್ತಿದ್ದೆ. ಅಪ್ಪಿತಪ್ಪಿ ಔಟಾದದ್ದು ಬಂದಿದ್ದರೆ ಮನೆಗೆ ಬಂದು ಡಿಲೀಟ್ ಮಾಡುತ್ತಿದ್ದೆ. ಈ ಚಾಳಿ ನನ್ನದು. ಹೋದ ವಾರ ಅದರ ಫಲ ಉಂಡವಳು ಅವಳು.

ಪೂರ್ಣಿ ಯಸಳೂರಿನ ನಮ್ಮ ಮನೆಯಲ್ಲಿದ್ದುಕೊಂಡು ಸಕಲೇಶಪುರಕ್ಕೆ ಬಸ್ಸಿನಲ್ಲಿ ಹೋಗಿ ಓದುತ್ತಿದ್ದಾಳೆ. ಅಕ್ಕನ ಮನೆ ವನಗೂರಿನ ಆಚೆ. ಅಲ್ಲಿಂದ ಜೀಪು ಹಿಡಿದು, ಬಸ್ಸು ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಎರಡು ಪೀರಿಯಡ್ ಮುಗಿದಿರುತ್ತವೆ. ಈಗ ಡಿಗ್ರಿ ಕೊನೆಯ ವರ್ಷ. ಕಾಲೇಜಿನ ಕಬಡ್ಡಿ ಟೀಮಿಗೆ ಅವಳೇ ಮುಖ್ಯ ರೈಡರ್. ಯೂನಿವರ್ಸಿಟಿ ಟೀಮಿಗೆ ಆಯ್ಕೆಯಾಗಬೇಕು, ಆ ಸರ್ಟಿಫಿಕೇಟ್ ಹಿಡಿದು ಸ್ಪೋರ್ಟ್ಸ್ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಬೇಕು ಎನ್ನುವುದು ಮೂರು ವರ್ಷದ ಆಸೆ. ಆಯ್ಕೆಯಾಗದಿದ್ದರೆ? ಅಕ್ಕ ಆಗಲೇ ಜಾತಕ ಹೊರಗೆ ಬಿಟ್ಟಾಗಿತ್ತು. ಆಯ್ಕೆ ನಡೆಯುವ ಈ ಒಂದು ಅಂತರ ಕಾಲೇಜು ಪಂದ್ಯಾವಳಿ ಮುಗಿಯಲಿ ಎಂದು ಪೂರ್ಣಿ ಕಾಡಿ ಬೇಡಿ ನಿಲ್ಲಿಸಿದ್ದಳು.

ಕಾಲೇಜಿನಲ್ಲಿ ಮ್ಯಾಟ್ ಇಲ್ಲ. ಮೈದಾನ ಮಳೆಗಾಲವಿಡೀ ಕೆಸರು. ಹಾಗಾಗಿ ಭಾನುವಾರಗಳಲ್ಲಿ ಟೀಮಿನ ಹುಡುಗಿಯರು ನಮ್ಮ ಕಾಫಿ ಕಣಕ್ಕೆ ಬಂದು ಪ್ರ್ಯಾಕ್ಟೀಸ್ ಮಾಡುತ್ತಿದ್ದರು. (ಕಣ ಎಂದರೆ ಕಾಫಿ ಒಣಗಿಸುವ ಸಿಮೆಂಟಿನ ಅಂಗಳ. ಕೊಯ್ಲು ಶುರುವಾಗುವ ತನಕ ಖಾಲಿ ಬಿದ್ದಿರುತ್ತದೆ.) ಸುಣ್ಣದಲ್ಲಿ ಗೆರೆ ಎಳೆದರೆ ಕೋರ್ಟ್ ರೆಡಿ. ಬಿದ್ದರೆ ಮೊಣಕಾಲು ತರಚಿತು ಅಂತಲೇ ಲೆಕ್ಕ.

ಕಣದ ಒಂದು ಅಂಚಿಗೆ ನೀರು ಹೋಗುವ ಚರಂಡಿ ಇದೆ, ಮೊಳದಷ್ಟು ಆಳ. ಪೂರ್ಣಿ ಯಾವಾಗಲೂ ಮನೆಯ ಕಡೆಯಿಂದ ರೈಡ್ ಹೋಗುವವಳು, ಹಾಗಾಗಿ ಚರಂಡಿ ಅವಳ ಎಡಕ್ಕೆ. ಮೊದಲ ವರ್ಷವೇ ಒಬ್ಬಳು ಅದರಲ್ಲಿ ಕಾಲಿಟ್ಟು ಪಾದ ಉಳುಕಿಸಿಕೊಂಡಳು. ಅಂದಿನಿಂದ ನಾನು ಜಗಲಿಯಲ್ಲಿ ಕೂತು ಕೂಗುತ್ತಲೇ ಇದ್ದೆ, "ಎಡಗಡೆ ಹೋಗ್ಬ್ಯಾಡ್ರೇ, ಚರಂಡಿ ಐತೆ."

ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕಾಲೇಜಿನ ಪಿ.ಇ. ಸರ್ ಒಳ್ಳೆಯ ಮನುಷ್ಯ. ಅಡ್ಮಿಷನ್ನಿಗೂ ಅವರೇ, ಪರೀಕ್ಷೆ ಡ್ಯೂಟಿಗೂ ಅವರೇ, ಉಳಿದ ಸಮಯದಲ್ಲಿ ಆಟ. ವರ್ಷದ ಆರಂಭದಲ್ಲಿ ಅವರು ನನ್ನ ಹತ್ತಿರ ಬಂದು, "ಮೇಡಂ, ಹೆಂಗೂ ಎಲ್ಲಾ ಮ್ಯಾಚಿಗೂ ಬರ್ತೀರಿ. ಪೂರ್ತಿ ಮ್ಯಾಚ್ ವಿಡಿಯೋ ಮಾಡ್ಕೊಡಿ. ಹುಡ್ಗೀರು ಕೂತು ನೋಡ್ಲಿ. ದೊಡ್ಡ ಕಾಲೇಜಿನೋರೆಲ್ಲ ಹಂಗೇ ಮಾಡೋದು" ಎಂದರು.

"ಆಡೋದು ಬಿಟ್ಟು ನೋಡ್ತಾ ಕೂತ್ರೆ ಆಟ ಬಂದ್ಬುಡ್ತದಾ ಸರ್?" ಎಂದು ನಾನು ನಕ್ಕೆ.

"ಕನ್ನಡಿ ನೋಡ್ದೆ ತಲೆ ಬಾಚ್ಕೊತೀರಾ ಮೇಡಂ?"

ಒಪ್ಪಿಕೊಂಡೆ. ಒಪ್ಪಿಕೊಂಡು ಮಾಡಿದ್ದೇನು? ಅವಳು ಪಾಯಿಂಟ್ ತಂದದ್ದನ್ನಷ್ಟೇ ತೆಗೆದೆ. ಅದಕ್ಕೆ ಹಾಡು ಹಾಕಿ ರೀಲ್ಸ್ ಮಾಡಿದೆ. ಮೇಲೆ "ನಮ್ಮ ಮನೆ ಹುಲಿ" ಅಂತ ಬರೆದೆ. (ಈಗ ಓದಿದರೆ ಮೈ ಉರಿಯುತ್ತದೆ.) ನೆಂಟರಿಷ್ಟರೆಲ್ಲ ಹಾರ್ಟ್ ಒತ್ತಿದರು. ಯಾರು ಯಾರೋ ಶೇರ್ ಮಾಡಿದರು. ಅವರು ಯಾರು, ಯಾಕೆ ನೋಡುತ್ತಿದ್ದಾರೆ ಎಂದು ಯಾರು ಯೋಚಿಸುತ್ತಾರೆ?

ಪಂದ್ಯಾವಳಿಗೆ ಮೂರು ದಿನ ಇರುವಾಗ ಪೂರ್ಣಿ ಅಡುಗೆಮನೆಗೆ ಬಂದಳು.

"ಚಿಕ್ಕಮ್ಮ, ನಾನು ಔಟಾಗಿದ್ದು ಒಂದಾದ್ರೂ ಐತಾ ನಿನ್ ಫೋನಲ್ಲಿ?"

"ಅದ್ಯಾಕೆ ಈಗ? ಸುಮ್ನೆ ಮನಸ್ಸು ಕೆಡಿಸ್ಕೊಬ್ಯಾಡ."

"ಸರ್ ನೋಡು ಅಂದವ್ರೆ."

"ಗೆದ್ದಿದ್ದು ನೋಡು. ಧೈರ್ಯ ಬರ್ತದೆ."

ಅವಳು ನಾನು ಕೊಟ್ಟದ್ದನ್ನೇ ನೋಡಿದಳು. ಗೆದ್ದಳು, ಗೆದ್ದಳು, ಮತ್ತೆ ಗೆದ್ದಳು.

ಪಂದ್ಯ ಹಾಸನದಲ್ಲಿ, ಒಳ್ಳೆಯ ಮ್ಯಾಟ್ ಮೇಲೆ. ಯೂನಿವರ್ಸಿಟಿಯ ಆಯ್ಕೆದಾರರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲ ರೈಡಿಗೆ ಹೋದ ಪೂರ್ಣಿ ಬಲಕ್ಕೆ ತಿರುಗಿದಳು. ಅಲ್ಲಿ ಎದುರಾಳಿ ಟೀಮಿನ ಗಟ್ಟಿ ಹುಡುಗಿಯರಿಬ್ಬರು ಕಾದು ನಿಂತಿದ್ದರು. ಔಟ್. ಮುಂದಿನ ಸಲವೂ ಬಲಕ್ಕೆ, ಔಟ್. ಎಡಗಡೆ ಒಬ್ಬಳು ಸಣ್ಣ ಹುಡುಗಿ ಒಂಟಿಯಾಗಿ ನಿಂತಿದ್ದಳು. ಪೂರ್ಣಿ ಅವಳ ಕಡೆ ಒಮ್ಮೆಯೂ ಹೋಗಲಿಲ್ಲ. ಪಂದ್ಯ ಮುಗಿಯುವಷ್ಟರಲ್ಲಿ ಐದು ಸಲ ಸಿಕ್ಕಿಬಿದ್ದಳು. ಕೊನೆಯ ರೈಡಿನಲ್ಲಿ ಎರಡು ಪಾಯಿಂಟ್ ತಂದಿದ್ದರೆ ನಾವು ಗೆಲ್ಲುತ್ತಿದ್ದೆವು. ಅದರಲ್ಲೂ ಬಲಕ್ಕೇ ತಿರುಗಿದಳು.

ಆಟ ಮುಗಿದ ಮೇಲೆ ಗೆದ್ದ ಟೀಮಿನ ಹುಡುಗಿಯೊಬ್ಬಳು ಬಂದು ಪೂರ್ಣಿಯ ಕೈ ಕುಲುಕಿದಳು. ಕೊಂಕಿನ ಮಾತಲ್ಲ, ಪ್ರೀತಿಯಿಂದಲೇ ಕೇಳಿದಳು: "ನಿಮ್ ರೀಲ್ಸ್ ಎಲ್ಲಾ ನೋಡಿದೀವಿ ಅಕ್ಕ. ನಮ್ ಸರ್ ಟೀವೀಲಿ ಹಾಕಿ ಹಾಕಿ ತೋರ್ಸಿದ್ರು. ನೀವು ಎಡಗಡೆ ಬರೋದೇ ಇಲ್ವಲ್ಲ, ಯಾಕೆ?"

ಪೂರ್ಣಿ ತಿರುಗಿ ಮ್ಯಾಟಿನ ಎಡ ಅಂಚನ್ನು ನೋಡಿದಳು. ಆಮೇಲೆ, "ಆ ಕಡೆ ಚರಂಡಿ ಐತೆ" ಎಂದಳು.

ಆ ಹುಡುಗಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು.

ಮೂರು ವರ್ಷ ನಾನು ಕೂಗಿದ್ದು ಅವಳ ಕಾಲಿಗೆ ಕೇಳಿತ್ತು. ಎದುರಿನವರು ಬಲಗಡೆ ಮುಚ್ಚಿ ನಿಂತಾಗಲೆಲ್ಲ ಅವಳು ಔಟಾಗುತ್ತಿದ್ದಳು. ಅದು ಗೊತ್ತಾಗಬೇಕಾದರೆ ಔಟಾದದ್ದನ್ನು ನೋಡಬೇಕಿತ್ತು. ನಾನು ಅದನ್ನು ಉಳಿಸಲಿಲ್ಲ. ಉಳಿಸಿದ್ದನ್ನು ಎದುರಾಳಿಗಳ ಟೀವಿಗೆ ಕಳಿಸಿದೆ. ಆಟಗಾರರು ತಮ್ಮ ಆಟದ ವಿಡಿಯೋ ನೋಡಿ ಕಲಿಯುತ್ತಾರೆಯೇ ಎಂದು ಈಗ ಯಾರಾದರೂ ಕೇಳಿದರೆ, ಖಂಡಿತ ಕಲಿಯುತ್ತಾರೆ ಎನ್ನುತ್ತೇನೆ. ನನ್ನ ವಿಡಿಯೋದಿಂದ ಒಂದು ಇಡೀ ಟೀಮು ಕಲಿತಿದೆಯಲ್ಲ.

ನಾನೊಬ್ಬಳೇ ಹೀಗೆ ಎಂದುಕೊಳ್ಳೋಣವೆಂದರೆ ಸುತ್ತ ನೋಡಿದರೆ ಎಲ್ಲರೂ ಇದೇ ಕಸುಬಿನವರು. ಶಾಲೆಯ ವಾರ್ಷಿಕ ವರದಿಯಲ್ಲಿ ಬಹುಮಾನ ಮಾತ್ರ. ಫ್ಯಾಮಿಲಿ ಗ್ರೂಪಿನಲ್ಲಿ ಮಾರ್ಕ್ಸ್ ಕಾರ್ಡ್ ಬರುವುದು ಡಿಸ್ಟಿಂಕ್ಷನ್ ಬಂದಾಗ ಮಾತ್ರ, ಫೇಲಾದವನು ಗ್ರೂಪಿನಲ್ಲಿ ಇದ್ದಾನೋ ಇಲ್ಲವೋ ತಿಳಿಯುವುದಿಲ್ಲ. ಮಕ್ಕಳಿಗೆ ನೋವಾಗದಿರಲಿ ಎಂದು ಹೀಗೆ ಮಾಡುತ್ತೇವಂತೆ. ಸುಳ್ಳು. ನಮ್ಮ ಮುಖ ಸಣ್ಣದಾಗದಿರಲಿ ಎಂದು ಮಾಡುತ್ತೇವೆ.

ಆಯ್ಕೆ ಪಟ್ಟಿಯಲ್ಲಿ ಪೂರ್ಣಿಯ ಹೆಸರಿರಲಿಲ್ಲ. ವಾಪಸ್ ಬರುವಾಗ ಸಕಲೇಶಪುರದಲ್ಲಿ ಬಸ್ಸು ಬದಲಿಸಿದೆವು. ಯಸಳೂರಿನ ಬಸ್ಸು ಹತ್ತಿದ ಮೇಲೆ ಕೈ ಚಾಚಿದಳು.

"ಕೊನೇ ರೈಡ್ ತೋರ್ಸು ಚಿಕ್ಕಮ್ಮ."

ಕೊಟ್ಟೆ. ಹನ್ನೊಂದು ಸೆಕೆಂಡಿನ ವಿಡಿಯೋ. ಅವಳು ಗೆರೆ ದಾಟುತ್ತಾಳೆ, ಬಲಕ್ಕೆ ತಿರುಗುತ್ತಾಳೆ, ಒಬ್ಬಳು ಅವಳ ಕಾಲಿನ ಕಡೆ ಬಾಗುತ್ತಾಳೆ. ಅಲ್ಲಿಗೆ ಮುಗಿಯಿತು. ನನ್ನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಒತ್ತಿಬಿಟ್ಟಿತ್ತು. ಪೂರ್ಣಿ ಎರಡು ಸಲ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನ್ ನನ್ನ ಮಡಿಲಿಗಿಟ್ಟು ಕಿಟಕಿಯ ಕಡೆ ತಿರುಗಿದಳು.

ಈಗ ಕೊಯ್ಲು ಶುರುವಾಗಿದೆ. ಕಣದ ತುಂಬ ಕಾಫಿ ಹರಡಿದೆ, ಸುಣ್ಣದ ಗೆರೆ ಅದರಡಿ ಹೋಯಿತು. ಪೂರ್ಣಿ ಕಾಲೇಜಿನಿಂದ ಬಂದವಳು ಕಾಫಿ ಕೆದಕುತ್ತಾಳೆ. ಭಾನುವಾರ ಗಂಡಿನ ಕಡೆಯವರು ಬರುತ್ತಾರಂತೆ. ನಿನ್ನೆ ಅಕ್ಕನ ಫೋನು ಬಂತು: "ಪೂರ್ಣಿದು ಚೆನ್ನಾಗಿರೋ ಫೋಟೋ ನಿನ್ ಹತ್ರಾನೇ ಇರೋದು ಕಣೆ. ನಗ್ತಿರೋದು ನೋಡಿ ಒಂದು ಕಳ್ಸು."

ಕಳಿಸಿದೆ. ಬೇಕಾದಷ್ಟಿದ್ದವು.

ನಿಮ್ಮ ಫೋನ್ ಕೈಯಲ್ಲೇ ಇದೆಯಲ್ಲ, ಒಮ್ಮೆ ಹುಡುಕಿ ಹೇಳಿ: ನಿಮ್ಮ ಮಕ್ಕಳು ಸೋತದ್ದು ಅದರಲ್ಲಿ ಒಂದಾದರೂ ಇದೆಯೇ?